ಕೊನೆಯ ಪುಟ ದಕ್ಕದ ಹರ್ಮೀನ್ ಟೀಚರ್

ಹರ್ಮೀನ್ ಟೀಚರ್ ಬರೆದ ನಾಟಕಗಳಲ್ಲಿ ಒಂದಾದರೂ ಕೊನೆಯ ಪುಟದವರೆಗೆ ನಡೆದದ್ದಿಲ್ಲ. ಬರೆಯದೇ ಬಿಟ್ಟರು ಅಂತಲ್ಲ. ಅಚ್ಚುಕಟ್ಟಾಗಿ ಬರೆದಿದ್ದರು, ಮಕ್ಕಳ ಕಾಪಿ ತಿದ್ದುವ ಕೆಂಪು ಶಾಯಿಯಲ್ಲಿ ಮುಖ್ಯ ಮಾತುಗಳಿಗೆ ಅಡಿಗೆರೆ ಎಳೆದಿದ್ದರು. ಆದರೆ ಆನ್ಸ್ ಮರೆಲ್ ಊರಿನ ಜನರ ಮುಂದೆ ನಾಟಕ ಆಡುವವರಿಗೆ ಕೊನೆಯ ಪುಟ ದಕ್ಕುವುದಿಲ್ಲ. ಸೇಂಟ್ ಲೂಸಿಯಾದ ಬೇರೆ ಯಾವುದಾದರೂ ಊರಿನಲ್ಲಿ ಹುಟ್ಟಬೇಕಿತ್ತು ಎಂದು ಟೀಚರ್ ಹಲುಬುತ್ತಿದ್ದರು. ಅದು ಶುದ್ಧ ಸುಳ್ಳು. ಈ ದ್ವೀಪದಲ್ಲಿ ಎಲ್ಲ ಊರುಗಳೂ ಒಂದೇ ಗಾಣದ ಎಣ್ಣೆ.

ಇದಕ್ಕೆಲ್ಲ ಮೂಲ ಸಾವಿನ ಮನೆಯ ಜಾಗರಣೆ. ಯಾರಾದರೂ ಸತ್ತರೆ ಅಂಗಳದಲ್ಲಿ ಬೆಂಚು ಹಾಕಿ, ಕಾಫಿ ಕಾಯಿಸಿ, ರಮ್ ಬಗ್ಗಿಸಿ ಬೆಳಗಿನವರೆಗೆ ಕಥೆ ಹೇಳುವುದು ನಮ್ಮ ಪದ್ಧತಿ. ಹೇಳುವವನು "ಕ್ರಿಕ್?" ಅನ್ನಬೇಕು, ಕೇಳುವವರು "ಕ್ರಾಕ್!" ಅನ್ನಬೇಕು. ಅವರು ಅನ್ನದಿದ್ದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಇನ್ನೊಂದು ನಿಯಮವೂ ಇದೆ, ಅದೇ ಟೀಚರ ಪ್ರಾಣ ತಿಂದದ್ದು. ಕಥೆಯ ನಡುವೆ ಯಾರು ಬೇಕಾದರೂ ಎದ್ದು "ನಾನೂ ಅಲ್ಲಿದ್ದೆ!" ಅನ್ನಬಹುದು. ಅಂದಮೇಲೆ ಮುಗಿಯಿತು, ಹೇಳುವವನು ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಬೇಕು. ಎದ್ದವನು ತನಗೆ ತೋಚಿದಂತೆ ಕಥೆ ತಿರುಗಿಸುತ್ತಾನೆ, ಮೇಲೊಂದು ಹಾಡೂ ಹಾಡುತ್ತಾನೆ. ಅವನು ಅಲ್ಲಿದ್ದನೋ ಇಲ್ಲವೋ ಯಾರೂ ಕೇಳುವುದಿಲ್ಲ. ಜೇಡಪ್ಪ ಹುಲಿಯ ಮನೆಗೆ ಊಟಕ್ಕೆ ಹೋದ ಕಥೆಯಲ್ಲಿ ಮೀನುಗಾರ ಇಗ್ನಾಸ್ ಇರಲು ಹೇಗೆ ಸಾಧ್ಯ? ಆದರೂ ಇರುತ್ತಿದ್ದ. ಪ್ರತಿ ಸಲವೂ ಇರುತ್ತಿದ್ದ.

ಟೀಚರ ತಾಯಿ ಜೆಲೀನ್ ಹಗಲು ಬಾಳೆಗೊನೆ ಹೊರುತ್ತಿದ್ದರು, ಸಂಜೆಯಾದರೆ ಮಾರ್ಗರೀಟ್ ಸಂಘದ ಮುಮ್ಮೇಳದಲ್ಲಿ ಹಾಡುತ್ತಿದ್ದರು. ಊರಿಗೆ ಎರಡು ಹೂವಿನ ಸಂಘ, ಗುಲಾಬಿ ಮತ್ತು ಮಾರ್ಗರೀಟ್. ಎರಡಕ್ಕೂ ಅವರವರದೇ ರಾಜ, ರಾಣಿ, ನ್ಯಾಯಾಧೀಶ, ಟೋಪಿ ಹಾಕಿದ ಪೊಲೀಸ್. ಗುಲಾಬಿಯವರದು ಡೋಲು, ಕುಣಿತ, ಗದ್ದಲ. ಮಾರ್ಗರೀಟಿನವರು ಬೆನ್ನು ನೆಟ್ಟಗೆ ಮಾಡಿ ಕೂತು, ಕೈ ಮಡಿಲಲ್ಲಿಟ್ಟು ಹಾಡುವವರು. ಒಬ್ಬರ ಹಾಡಿಗೆ ಇನ್ನೊಬ್ಬರು ಸೊಲ್ಲು ಎತ್ತಿ ದನಿಗೂಡಿಸಿದರೆ ಮೂಗು ಕೊಯ್ದುಕೊಂಡಷ್ಟು ಅವಮಾನ. ಪುಟ್ಟ ಹರ್ಮೀನ್ ತಾಯಿಯ ಕಾಲ ಬಳಿ ಕೂತು ಮಾರ್ಗರೀಟಿನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ತಂಗಿ ಒಡೀಲ್‌ಗೆ ಅವು ಕೇಳಿದರೆ ಆಕಳಿಕೆ ಬರುತ್ತಿತ್ತು. ಅವಳು ಬೇಲಿ ಹಾರಿ ಗುಲಾಬಿಯವರ ಡೋಲಿನ ಹಿಂದೆ ಓಡುತ್ತಿದ್ದಳು, ಮುಂದೆ ಆ ಸಂಘದ ಡೋಲಿನವನನ್ನೇ ಮದುವೆಯೂ ಆದಳು.

ಟೀಚರ್ ತರಬೇತಿಗೆ ಕ್ಯಾಸ್ಟ್ರೀಸ್ ಪಟ್ಟಣಕ್ಕೆ ಹೋದಾಗ ಹರ್ಮೀನ್ ಮೊದಲ ಸಲ ನಾಟಕ ನೋಡಿದರು. ಬಿಳಿಯರ ದಿವಾನಖಾನೆ, ಕುರ್ಚಿ, ಚಹಾದ ಬಟ್ಟಲು, ಯಾರದೋ ಆಸ್ತಿ ಜಗಳ. ನಾಟಕ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಬೆರಗಾದದ್ದು ನೋಡುವವರನ್ನು ಕಂಡು. ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ, ಒಬ್ಬರೂ ಎದ್ದು ಬುದ್ಧಿ ಹೇಳಲಿಲ್ಲ. ಬರೆದವನು ಬರೆದದ್ದೆಲ್ಲ ಕೊನೆಯ ಮಾತಿನವರೆಗೆ ನಡೆಯಿತು, ಪರದೆ ಬಿತ್ತು, ಆಮೇಲೆ ಚಪ್ಪಾಳೆ. ನಮ್ಮೂರಿನ ಮಾತು ನಮ್ಮೂರಿನವರ ಬಾಯಲ್ಲಿ ಬರಬೇಕು, ಊರು ಹೀಗೆ ಸುಮ್ಮನೆ ಕೂತು ಕೇಳಬೇಕು ಎಂಬ ಆಸೆ ಆಗ ಹುಟ್ಟಿತು. ಆಸೆಯ ಮೊದಲರ್ಧ ಕೈಗೂಡಿತು. ಎರಡನೆಯ ಅರ್ಧ ಅವರ ತಲೆಗೂದಲನ್ನು ಬೆಳ್ಳಗೆ ಮಾಡಿತು.

ಊರಿಗೆ ಮರಳಿ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ಅವರು ತಂಡ ಕಟ್ಟಿದರು. ಬ್ರಿಟಿಷರ ಬಾವುಟ ಆಗಿನ್ನೂ ಇಳಿದಿರಲಿಲ್ಲ. ಮನೆಮಾತಾದ ಕ್ರಿಯೋಲಿನಲ್ಲಿ ನಾಟಕ ಬರೆಯುವುದೇ ಒಂದು ದೊಡ್ಡ ಅಪಚಾರ. "ಮಕ್ಕಳ ಬಾಯಿಂದ ಆ ಭಾಷೆ ಬಿಡಿಸೋಕೆ ನಿಮಗೆ ಸಂಬಳ ಕೊಡೋದು, ಅದನ್ನೇ ಅಟ್ಟದ ಮೇಲೆ ಹತ್ತಿಸ್ತೀರಲ್ಲ!" ಎಂದು ಶಾಲೆಯ ಮೇಲಧಿಕಾರಿ ಕೂಗಾಡಿದ. ಟೀಚರ್ ಅವನಿಗೆ ಹೆದರಲಿಲ್ಲ. ಹಳೆಯ ತೋಟದ ಕೋಕೋ ಮನೆ ಪಾಳು ಬಿದ್ದಿತ್ತು. ಬಿಸಿಲಿಗೆ ಕೋಕೋ ಒಣಗಿಸಲು ಅದರ ನೆಲದಡಿಯಿಂದ ಹಳಿಗಳ ಮೇಲೆ ಹೊರಗೆ ಎಳೆಯುವ ಅಗಲವಾದ ಮರದ ಅಟ್ಟಣಿಗೆಗಳಿದ್ದವು. ಅವುಗಳಲ್ಲಿ ದೊಡ್ಡದನ್ನು ಎಳೆದು ರಂಗಸ್ಥಳ ಮಾಡಿದರು. ಇಡೀ ಊರು ಬೆಂಚು, ಮಣೆ, ಸುಟ್ಟ ದೀವಿಹಲಸು ಹೊತ್ತು ಬಂದು ಕೂತಿತು. ಗುಲಾಬಿಯವರು ಸಮುದ್ರದ ಕಡೆಗೆ, ಮಾರ್ಗರೀಟಿನವರು ಗುಡ್ಡದ ಕಡೆಗೆ, ನಡುವೆ ದಾರಿ.

ಮೊದಲ ನಾಟಕ ತೋಟದ ಕೂಲಿಕಾರರ ಮುಷ್ಕರದ್ದು. ಎರಡನೆಯ ಅಂಕದಲ್ಲಿ ಮ್ಯಾನೇಜರ್ ಪಾತ್ರದವನು ಕೋಲೆತ್ತಿದನೋ ಇಲ್ಲವೋ, ಇಗ್ನಾಸ್ ಎದ್ದ.

"ನಾನೂ ಅಲ್ಲಿದ್ದೆ!"

"ಇಗ್ನಾಸ್, ಕೂತ್ಕೋ!" ಪರದೆಯ ಹಿಂದಿನಿಂದ ಟೀಚರ್ ಗದರಿದರು.

"ಕೂತ್ಕೊಳ್ಳೋದು ಹೆಂಗೆ ಟೀಚರ್? ಇವನು ಹೊಡೀತಾ ಅವನೆ, ನಿಮ್ ಮಂದಿ ಕೈಕಟ್ಕೊಂಡು ನಿಂತವ್ರೆ! ಆವತ್ತು ನಾವು ಹಿಂಗೆ ನಿಂತಿರ್ಲಿಲ್ಲ!"

ಇಗ್ನಾಸ್ ಅಟ್ಟಣಿಗೆ ಹತ್ತಿ ಮ್ಯಾನೇಜರನ ಕೋಲು ಕಿತ್ತು ಮುರಿದ. ಜನ ಹೋ ಎಂದರು. ಮುಷ್ಕರ ಅಲ್ಲಿಗೇ ಗೆದ್ದಿತು. ಟೀಚರ್ ಬರೆದಂತೆ ಅದು ಸೋಲಬೇಕಿತ್ತು, ಸೋಲಿನ ಮೇಲೆ ಒಬ್ಬ ಮುದುಕಿ ಸೊಗಸಾದ ಮಾತಾಡಬೇಕಿತ್ತು. ಆ ಮುದುಕಿ ಬಣ್ಣ ಬಳಿದುಕೊಂಡದ್ದೇ ಬಂತು.

ಮರುವರ್ಷದ ನಾಟಕದಲ್ಲಿ ಒಬ್ಬ ಹುಡುಗಿ ಇಂಗ್ಲೆಂಡಿಗೆ ಹಡಗು ಹತ್ತಬೇಕಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು "ನಾನೂ ಅಲ್ಲಿದ್ದೆ" ಎಂದು ಎದ್ದು ಅವಳ ಕೈ ಹಿಡಿದು, "ಬ್ಯಾಡ ಮಗಾ, ಹೋದೋರು ಯಾರು ತಿರುಗಿ ಬಂದವ್ರೆ? ನಿಮ್ಮವ್ವನಿಗೆ ಮೊಣಕಾಲು ನೋವು" ಎಂದು ಅತ್ತಳು. ಪಾತ್ರ ಮಾಡುತ್ತಿದ್ದ ಹುಡುಗಿಯೂ ಅತ್ತು, ಪೆಟ್ಟಿಗೆ ಕೆಳಗಿಟ್ಟು, "ಆಯ್ತಜ್ಜಿ, ಹೋಗಲ್ಲ" ಅಂದುಬಿಟ್ಟಳು. ಹಡಗಿನ ಮೇಲಿನ ಎರಡು ಅಂಕ ಹಾಗೇ ಉಳಿದವು. ಹಡಗು ಕಟ್ಟಿದ ಬಡಗಿ ತಿಂಗಳುಗಟ್ಟಲೆ ಟೀಚರ ಮುಖ ನೋಡಲಿಲ್ಲ.

ಇನ್ನೊಂದು ವರ್ಷ ಜನ ಸುಮ್ಮನಿದ್ದರು, ಮಳೆ ಸುಮ್ಮನಿರಲಿಲ್ಲ. ನಾಲ್ಕು ಹನಿ ಬಿದ್ದದ್ದೇ ತಡ, ತೋಟದಲ್ಲಿ ಜೀವಮಾನವೆಲ್ಲ ದುಡಿದ ಮುದುಕರು ತಮಗೇ ಗೊತ್ತಿಲ್ಲದಂತೆ ಎದ್ದು, "ಕೋಕೋ! ಕೋಕೋ ನೆನೀತದೆ!" ಎನ್ನುತ್ತ ಅಟ್ಟಣಿಗೆಯನ್ನು ನೂಕಿ ಕಟ್ಟಡದಡಿಗೆ ಸೇರಿಸಿಬಿಟ್ಟರು. ಅದರ ಮೇಲಿದ್ದ ರಾಜ, ಮಂತ್ರಿ, ಮದುಮಗಳೂ ಒಳಗೆ ಹೋದರು. ಟೀಚರ್ ಆ ಸಂಜೆ ಮಳೆಯಲ್ಲೇ ನಿಂತು ತಲೆ ಚಚ್ಚಿಕೊಂಡರು.

ಪಟ್ಟಣದಿಂದ ಒಮ್ಮೆ ಬಹುಮಾನ ಕೊಡುವವರು ನೋಡಲು ಬಂದಿದ್ದರು. "ಪ್ರಯತ್ನ ಶ್ಲಾಘನೀಯ, ಆದರೆ ಕೃತಿಗೆ ಅಂತ್ಯವೇ ಇಲ್ಲ" ಎಂದು ಬರೆದು ಹೋದರು. ಅಂತ್ಯ ಇಲ್ಲವಂತೆ! ಟೀಚರ ಮಂಚದಡಿಯ ಪೆಟ್ಟಿಗೆಯಲ್ಲಿ ಅಂತ್ಯಗಳೇ ತುಂಬಿದ್ದವು. ಊರವರಿಂದ ಶಪಥ ಮಾಡಿಸಿದರು, ಬೈದರು, ಮುನಿದು ಒಂದು ವರ್ಷ ನಾಟಕವನ್ನೇ ಆಡಿಸಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ಅಕ್ಕಪಕ್ಕದ ಊರುಗಳವರು ಬಂದು ಕಲಿತು ಹೋಗಿ ತಮ್ಮ ತಮ್ಮ ಊರಲ್ಲಿ ತಂಡ ಕಟ್ಟಿದರು. ಅಲ್ಲಿಯೂ ಯಾರೋ ಒಬ್ಬ ಇಗ್ನಾಸ್ ಇದ್ದೇ ಇರುತ್ತಿದ್ದ.

ಇಡೀ ಊರಿನಲ್ಲಿ ಒಬ್ಬಳು ಮಾತ್ರ ಒಂದು ಸಲವೂ "ನಾನೂ ಅಲ್ಲಿದ್ದೆ" ಅಂದವಳಲ್ಲ. ತಂಗಿ ಒಡೀಲ್. ಪ್ರತಿ ನಾಟಕಕ್ಕೂ ಬರುತ್ತಿದ್ದಳು, ಗುಲಾಬಿಯವರ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಮುಗಿದ ಮೇಲೆ ಎದ್ದು ಹೋಗುತ್ತಿದ್ದಳು. ಅಕ್ಕತಂಗಿಯರು ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮನೆಗಳ ನಡುವೆ ಎರಡು ಬೇಲಿ, ಒಂದು ಮಾವಿನ ಮರ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಲ್ಲಿಯ ಹತ್ತಿರ ಎದುರಾದರೆ ಇಬ್ಬರೂ ಛತ್ರಿ ಓರೆ ಮಾಡಿಕೊಂಡು ಹೋಗುತ್ತಿದ್ದರು.

ಜಗಳ ಅವ್ವನ ಜಾಗರಣೆಯಲ್ಲಿ ಆದದ್ದು. ಅಂಗಳದ ತುಂಬ ಮಾರ್ಗರೀಟಿನವರು ನೇರಳೆ ಹೂ ಮುಡಿದು, ತಮ್ಮ ಹಾಡುಗಾರ್ತಿಗೆ ತಕ್ಕ ಗಂಭೀರ ಹಾಡು ಹಾಡುತ್ತಿದ್ದರು. ಒಡೀಲ್ ಒಳಗಿಂದ ಬಂದು ಹೆಣದ ತಲೆಯ ಬಳಿ ನಿಂತು ಗುಲಾಬಿಯವರ ಹಾಡು ಎತ್ತಿದಳು. ಅದೂ ಎಂಥದು? ಹಬ್ಬದಲ್ಲಿ ಕುಡಿದು ಕುಣಿಯುವಾಗ ಹಾಡುವ ಪೋಲಿ ಹಾಡು. ಹರ್ಮೀನ್ ಎಲ್ಲರೆದುರಿಗೆ ಅವಳ ರಟ್ಟೆ ಹಿಡಿದು, "ಈ ಮನೇಲಿ ಬೇಡ! ಹೋಗು, ನಿನ್ನ ಡೋಲಿನವನ ಮನೇಲಿ ಹಾಡ್ಕೋ!" ಎಂದು ಹೊರಗೆ ಕಳಿಸಿದರು. ಒಡೀಲ್ ಮಣ್ಣಿಗೂ ಬರಲಿಲ್ಲ. ಅದು ಟೀಚರ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ತಂಗಿ ಒಂದು ಸಲ ಬಂದು ತಪ್ಪಾಯಿತು ಅನ್ನಲಿ, ಅಷ್ಟೇ ಸಾಕು. ಅವಳು ಬರಲಿಲ್ಲ.

ಬರದಿದ್ದರೆ ಬೇಡ, ಅವಳ ಪಾತ್ರವಾದರೂ ಬರಲಿ ಎಂದು ಟೀಚರ್ ನಾಟಕ ಬರೆದರು. ನಿವೃತ್ತಿಯ ವರ್ಷ ಅದು. ಅಕ್ಕ, ತಂಗಿ, ಸಾಯುತ್ತಿರುವ ತಾಯಿ. ಕೊನೆಯ ಪುಟದಲ್ಲಿ ತಂಗಿ ತಾಯಿಯ ಮಂಚದ ಮುಂದೆ ಮೊಣಕಾಲೂರಿ "ಅಕ್ಕಾ, ತಪ್ಪಾಯ್ತು" ಅನ್ನುತ್ತಾಳೆ. ಒಡೀಲ್ ಕೊನೆಯ ಬೆಂಚಿನಲ್ಲಿ ಕೂತು ಆ ಮಾತು ಕೇಳಬೇಕು. ಅದಕ್ಕಾಗಿ ಈ ಒಂದು ನಾಟಕವಾದರೂ ಕೊನೆ ಮುಟ್ಟಲೇಬೇಕು. ಇದು ಕೈತಪ್ಪಿದರೆ ಇನ್ನೊಂದು ಬರೆಯುವ ಚೈತನ್ಯ ತನಗಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೊಡೆ ಹಿಡಿದು ಮನೆಮನೆಗೆ ಹೋದರು. ಗುಲಾಬಿಯವರಿಂದ ಸಂತ ರೋಜಳ ಮೇಲೆ, ಮಾರ್ಗರೀಟಿನವರಿಂದ ಸಂತ ಮಾರ್ಗರೆಟಳ ಮೇಲೆ ಆಣೆ ಹಾಕಿಸಿಕೊಂಡರು.

"ನಾಟಕ ಮುಗಿಯೋವರೆಗೆ ತುಟಿ ಬಿಚ್ಚಬಾರದು. ಹೇಳು, ಆಣೆ ಮಾಡಿ ಹೇಳು."

"ಬೆಂಕಿ ಬಿದ್ರೆ ಟೀಚರ್?" ಎಂದ ಇಗ್ನಾಸ್. ಆ ವರ್ಷ ಅವನು ಗುಲಾಬಿ ಸಂಘದ ರಾಜನಾಗಿದ್ದ, ಮನೆಯಲ್ಲೂ ರಟ್ಟಿನ ಕಿರೀಟ ತೆಗೆಯುತ್ತಿರಲಿಲ್ಲ.

"ಬೆಂಕಿ ಬಿದ್ರೆ ಸುಮ್ನೆ ಸುಟ್ಟುಹೋಗು."

"ಕೆಮ್ಮು ಬಂದ್ರೆ?"

"ಇಗ್ನಾಸ್, ನಿನ್ನ ಮಕ್ಕಳಿಗೆಲ್ಲ ಅ ಆ ಕಲಿಸಿದವಳು ನಾನು. ನನ್ನ ಹೊಟ್ಟೆ ಉರಿಸಬೇಡ."

ಅವನು ಕಿರೀಟ ತೆಗೆದು ಆಣೆ ಮಾಡಿದ. ಅಷ್ಟಕ್ಕೂ ನಂಬಿಕೆಯಿಲ್ಲದೆ ಟೀಚರ್ ಎರಡು ಸಂಘಗಳ ಪೊಲೀಸರನ್ನೂ ಕರೆದು ಕಾವಲಿಗೆ ಹಾಕಿದರು. ಗುಲಾಬಿಯ ಪೊಲೀಸ್ ಮಾರ್ಗರೀಟಿನವರನ್ನು ಕಾಯಬೇಕು, ಮಾರ್ಗರೀಟಿನವನು ಗುಲಾಬಿಯವರನ್ನು. ಇದಕ್ಕಿಂತ ಬಿಗಿ ಕಾವಲು ದ್ವೀಪದಲ್ಲಿ ಇನ್ನೊಂದಿಲ್ಲ. ಹೀಗೆ ಊರಿನ ಎಲ್ಲ ಬಾಗಿಲುಗಳೂ ಮುಗಿದವು. ಮಾವಿನ ಮರದಾಚೆಯ ಒಂದು ಬಾಗಿಲಿನ ಮುಂದೆ ಮಾತ್ರ ಟೀಚರ್ ಕೊಡೆ ಓರೆ ಮಾಡಿಕೊಂಡು ದಾಟಿ ಹೋದರು.

ಆ ಭಾನುವಾರ ಸಂಜೆ ಆಕಾಶ ತಿಳಿಯಾಗಿತ್ತು. ನಾಟಕ ಶುರುವಾಯಿತು. ಜನ ಕೂತಿದ್ದ ಬಗೆ ನೋಡಬೇಕಿತ್ತು. ಬಾಯಲ್ಲಿ ಕರವಸ್ತ್ರ ತುರುಕಿಕೊಂಡವರು, ಪಕ್ಕದವರ ತೊಡೆ ಚಿವುಟುವವರು, ಕಣ್ಣಲ್ಲೇ ಹೂಂಗುಟ್ಟುವವರು. ಇಗ್ನಾಸ್ ತನ್ನ ಕೈಯನ್ನೇ ಕಚ್ಚಿಕೊಂಡಿದ್ದ. ಆದರೆ ಯಾರೂ ಪಿಟ್ಟೆನ್ನಲಿಲ್ಲ. ಈಗ ಕಷ್ಟ ಬಂದದ್ದು ಪಾತ್ರಧಾರಿಗಳಿಗೆ. ತಂಗಿಯ ಪಾತ್ರದ ಲಿಯೋಂತಾ ಹುಟ್ಟಿದಾಗಿನಿಂದ ಇಂಥ ಮೌನ ಕಂಡವಳಲ್ಲ. ಮಾತು ಮರೆತು ಪರದೆಯ ಕಡೆ ಬಂದಳು.

"ಟೀಚರ್, ಇವ್ರು ಸತ್ತಿದ್ದಾರೋ ಬದುಕಿದ್ದಾರೋ? ನಂಗೆ ಭಯ ಆಗ್ತಿದೆ."

"ಬದುಕಿದ್ದಾರೆ, ಹೇಳ್ಕೊಟ್ಟಿದ್ದು ಹೇಳು!"

ಅಂದರೇ ಹೊರತು ಟೀಚರೂ ಪರದೆಯ ಸಂದಿಯಿಂದ ಜನರನ್ನೇ ಇಣುಕಿ ನೋಡುತ್ತಿದ್ದರು. ಮೂವತ್ತು ವರ್ಷ ಹಂಬಲಿಸಿದ ಮೌನ ಇದೇ. ಇದನ್ನು ಕೇಳುತ್ತ ನಿಲ್ಲುವುದು ಇಷ್ಟು ಯಾತನೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಒಬ್ಬನಾದರೂ ಕೆಮ್ಮಬಾರದೇ ಎಂದು ಅವರಿಗೇ ಸಿಟ್ಟು ಬಂತು. ದರಿದ್ರ ಜನ, ಬೇಡವೆಂದಾಗ ಕೂಗುತ್ತಾರೆ, ಬೇಕೆನಿಸಿದಾಗ ಕಲ್ಲಾಗುತ್ತಾರೆ.

ತಾಯಿ ಸಾಯುವ ದೃಶ್ಯ ಬಂತು. ಮಂಚದ ಮೇಲಿನ ತಾಯಿ ಟೀಚರ್ ಬರೆದುಕೊಟ್ಟಂತೆ ಹೇಳಿದಳು: "ಹರ್ಮೀನ್, ನನ್ನ ಹೆಣದ ಮುಂದೆ ಗುಲಾಬಿಯವರ ಹಾಡು ಕೇಳಿಸಬಾರದು. ನಾನು ಮಾರ್ಗರೀಟಾಗೇ ಮಣ್ಣಿಗೆ ಹೋಗ್ತೀನಿ." ಹೇಳಿ ಕಣ್ಣು ಮುಚ್ಚಿದಳು. ಇನ್ನು ಉಳಿದದ್ದು ಒಂದೇ ಪುಟ. ಲಿಯೋಂತಾ ಮಂಚದ ಮುಂದೆ ಬಂದಳು, ಲಂಗ ಸರಿಮಾಡಿಕೊಂಡು ಒಂದು ಮೊಣಕಾಲು ಊರಿದಳು. ಪರದೆಯ ಹಿಂದೆ ಟೀಚರ ತುಟಿಯೂ ಅವಳ ಜೊತೆಗೇ ಅಲುಗಿತು.

"ನಾನೂ ಅಲ್ಲಿದ್ದೆ!"

ಟೀಚರ ನೆತ್ತಿಗೆ ರಕ್ತ ಏರಿತು. ಹಾಳೆ ಮುದುಡಿ ಹಿಡಿದು ಪರದೆ ಸರಿಸಿ ಹೊರಗೆ ನುಗ್ಗಿದರು. "ಇಗ್ನಾಸ್! ನಿನ್ನ ನಾಲಿಗೆಗೆ ಹುಳ ಬೀಳ, ಆಣೆ ಮಾಡಿದ್ದೆಯಲ್ಲೋ!"

"ನಾನಲ್ಲ ಟೀಚರ್!" ಇಗ್ನಾಸ್ ಕಚ್ಚಿದ ಕೈಯನ್ನು ಮೇಲೆತ್ತಿ ತೋರಿಸಿದ. "ಸಂತ ರೋಜಳಾಣೆಗೂ ನಾನಲ್ಲ!"

ಗುಲಾಬಿಯವರ ಕೊನೆಯ ಬೆಂಚಿನಲ್ಲಿ ಒಡೀಲ್ ನಿಂತಿದ್ದಳು. ಮಾರ್ಗರೀಟಿನ ಪೊಲೀಸ್ ಅವಳ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವಳಿಂದ ಆಣೆ ಹಾಕಿಸಿಕೊಳ್ಳಲು ಯಾರೂ ಹೋಗಿರಲಿಲ್ಲ, ಅವನು ತಡೆಯುವುದಾದರೂ ಹೇಗೆ? ಅವಳು ನಡುದಾರಿಯಲ್ಲಿ ನಿಧಾನವಾಗಿ ನಡೆದು ಬಂದಳು. ಅವಳಿಗೂ ವಯಸ್ಸಾಗಿತ್ತು. ಅಟ್ಟಣಿಗೆ ಹತ್ತುವಾಗ ಲಿಯೋಂತಾ ಕೈ ಕೊಡಬೇಕಾಯಿತು.

"ನನ್ನ ಏನ್ ಬೇಕಾದ್ರೂ ಅನ್ನಕ್ಕಾ," ಅಂದಳು ಒಡೀಲ್. "ಮಂಡಿ ಊರಿಸು, ಮೂಗು ಉಜ್ಜಿಸು, ನಾಟಕ ನಿಂದು. ಅವ್ವನ ಬಾಯಲ್ಲಿ ಅವ್ವ ಆಡದ ಮಾತು ಹಾಕ್ಬೇಡ."

"ನಿಂಗೇನ್ ಗೊತ್ತು? ನೀನು..."

"ನಾನಲ್ಲಿದ್ದೆ. ನೀನಿರ್ಲಿಲ್ಲ. ನೀನು ಪಾದ್ರಿ ಕರ್ಕೊಂಬರೋಕೆ ಗುಡ್ಡದಾಚೆ ಹೋಗಿದ್ದೆ."

ನಿಜ, ಹೋಗಿದ್ದರು. ಹಾದಿ ಕೆಸರಾಗಿ, ಬರುವಷ್ಟರಲ್ಲಿ ಅವ್ವನ ಮಾತು ನಿಂತಿತ್ತು. ಎದ್ದವರ ಕಥೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕೆಂಬುದು ನಿಯಮ, ಟೀಚರ ಕಾಲು ತಾನಾಗಿಯೇ ಒಂದು ಹೆಜ್ಜೆ ಸರಿಯಿತು.

"ಮಧ್ಯಾಹ್ನ ಕಣ್ಬಿಟ್ಟು ಅವ್ವ ಅಂದ್ಲು, ಒಡೀಲ್, ನಿಮ್ಮೋರ ಆ ಪೋಲಿ ಹಾಡು ಹಾಡೇ ಅಂತ. ಯಾವ್ದವ್ವಾ ಅಂದೆ. ಮುಳ್ಳಿನ ಹಾಡು ಅಂದ್ಲು. ನಿಂಗೆ ಹೆಂಗೆ ಗೊತ್ತವ್ವಾ ಅಂದ್ರೆ ನಗ್ತಾಳೆ. ಜೀವಮಾನವೆಲ್ಲ ದೀಪ ಆರಿಸ್ಕೊಂಡು ಕಿಟಕೀಲಿ ಕದ್ದು ಕೇಳಿದ್ದೀನಿ ಕಣೇ, ನಮ್ ಹಾಡು ನಂಗೇ ನಿದ್ದೆ ಬರ್ಸ್ತವೆ ಅಂದ್ಲು. ಸತ್ತ ರಾತ್ರಿ ಅದನ್ನ ಹಾಡು, ನಮ್ಮೋರು ಬೆಚ್ಚಿಬೀಳ್ಲಿ ಅಂದ್ಲು." ಒಡೀಲ್ ಅಂಗಿಯ ತೋಳಿನಲ್ಲೇ ಮೂಗೊರೆಸಿಕೊಂಡಳು. "ಆಮೇಲೆ ಅಂದ್ಲು, ಹರ್ಮೀನ್‌ಗೆ ಹೇಳ್ಬೇಡ. ನಮ್ಮವ್ವ ಮಾರ್ಗರೀಟಿನ ಕಂಬ ಅಂತ ಎದೆಯುಬ್ಬಿಸ್ಕೊಂಡು ಓಡಾಡ್ತಾಳೆ ಪಾಪ, ನೊಂದ್ಕೋತಾಳೆ. ನಾನು ಹೇಳ್ಲಿಲ್ಲ. ನೀನು ರಟ್ಟೆ ಹಿಡ್ದು ನೂಕಿದಾಗ್ಲೂ ಹೇಳ್ಲಿಲ್ಲ."

ಮಾರ್ಗರೀಟಿನ ಕಡೆಯಿಂದ ಯಾರೋ ಒಬ್ಬ ಮುದುಕಿ ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಟೀಚರಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಸತ್ತ ಅವ್ವನ ಮೇಲೆ, ಬಾಯಿ ಬಿಡದ ತಂಗಿಯ ಮೇಲೆ, ಗುಡ್ಡದಾಚೆ ಮನೆ ಮಾಡಿಕೊಂಡಿದ್ದ ಪಾದ್ರಿಯ ಮೇಲೆ.

"ಇಪ್ಪತ್ತು ವರ್ಷ, ಒಡೀಲ್! ಇಪ್ಪತ್ತು ವರ್ಷ ಬೇಕಿತ್ತಾ ಇದನ್ನ ಹೇಳೋಕೆ?"

"ನೀನು ಯಾರಿಗಾದ್ರೂ ನಡುವೆ ಬಾಯಿ ಹಾಕೋಕೆ ಬಿಟ್ಟಿದ್ಯಾ?"

ಕೈಯಲ್ಲಿದ್ದ ಹಾಳೆಯನ್ನು ಟೀಚರ್ ಇನ್ನಷ್ಟು ಮುದುಡಿದರು. ತಂಗಿಯ ರಟ್ಟೆ ನೋಡಿದರು. ತಾವು ಹಿಡಿದು ನೂಕಿದ್ದು ಅದೇ ರಟ್ಟೆ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

ಒಡೀಲ್ ಜನರ ಕಡೆ ತಿರುಗಿ ಕೈ ಕಟ್ಟಿ ನಿಂತಳು. ಹಾಡುವ ಮುಂಚೆ ಕೇಳಬೇಕಾದ್ದನ್ನು ಕೇಳಿದಳು.

"ಕ್ರಿಕ್?"

ಯಾರೂ ಉತ್ತರಿಸಲಿಲ್ಲ. ಆಣೆ ಇತ್ತು, ಪೊಲೀಸರಿದ್ದರು. ಅದಕ್ಕಿಂತ ಹೆಚ್ಚಾಗಿ ಎಲ್ಲರೂ ಟೀಚರ ಮುಖವನ್ನೇ ನೋಡುತ್ತಿದ್ದರು. ತಮ್ಮ ಒಂದು ನಾಟಕದಲ್ಲೂ ಟೀಚರ್ ಆ ಮಾತಿಗೆ ಅವಕಾಶ ಕೊಟ್ಟವರಲ್ಲ.

"ಕ್ರಾಕ್," ಎಂದರು ಟೀಚರ್.

ಒಡೀಲ್ ಹಾಡಿದಳು. ಅಂದು ಅರ್ಧಕ್ಕೇ ನಿಂತ ಹಾಡು.

"ಮುಳ್ಳು ಚುಚ್ಚಿದ್ರೆ ಚುಚ್ಲಿ, ಹೂವ ಮುಡಿಯೇ ಅಕ್ಕಯ್ಯಾ..."

ಗುಲಾಬಿಯವರು ತಡೆಯಲಾರದೆ ಸೊಲ್ಲು ಎತ್ತಿದರು. ಇಗ್ನಾಸ್ ಬೆಂಚನ್ನೇ ಡೋಲು ಮಾಡಿ ಬಡಿದ. ದಾರಿಯ ಈಚೆ ಮಾರ್ಗರೀಟಿನವರು ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ತುಟಿ ಬಿಗಿದು ಕೂತೇ ಇದ್ದರು. ಹಾಡು ಒಂದು ಕಡೆಯಿಂದ ಎದ್ದು ಅವರ ಹತ್ತಿರ ಬಂದು ಬಿದ್ದುಹೋಗುತ್ತಿತ್ತು. ಟೀಚರ್ ನೋಡಿದರು, ಮತ್ತೆ ನೋಡಿದರು, ಇನ್ನು ಸಹಿಸಲಾಗಲಿಲ್ಲ. ಕೊನೆಯ ಪುಟವನ್ನು ಅವ್ವನ ಮಂಚದ ಮೇಲೆ ಎಸೆದು ಅಟ್ಟಣಿಗೆಯ ಅಂಚಿಗೆ ಬಂದರು. ತಂಗಿಯ ಪಕ್ಕ ನಿಂತು ತಮ್ಮ ಸಂಘದವರಿಗೆ ಶಾಲೆಯ ದನಿಯಲ್ಲಿ ಗದರಿದರು.

"ಏನ್ ಗೊಂಬೆ ಥರ ಕೂತಿದ್ದೀರಾ? ಅವ್ವನ ಹಾಡು ಇದು! ಸೊಲ್ಲು ಎತ್ತೋದಕ್ಕೂ ನಾನೇ ಹೇಳ್ಕೊಡಬೇಕಾ?"